ಪಟ್ಟಿ ಯಾರೇ ಬರೆಯಲಿ, ಊರ ಮುಂದೆ ಕನ್ನಡದಲ್ಲಿ ಓದಲಿ!

(ಕನ್ನಡ ಕಾರ್ಯಕರ್ತರ ಸಭೆಯೊಂದರಲ್ಲಿ ಗ್ರಾಮ ಪಂಚಾಯತಿಯ ಮಾಜಿ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ)



ಈ ಸಭೆಯಲ್ಲಿ ಕೂತಿರುವ ನಿಮಗೂ, ನಾಳೆ ಪತ್ರಿಕೆಯಲ್ಲಿ ಈ ಮಾತು ಓದುವ ನಿಮಗೂ ಮೊದಲು ಒಂದು ಪ್ರಶ್ನೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ? ‘ಇದೆ’ ಎಂದು ಎಲ್ಲರೂ ತಲೆಯಾಡಿಸುತ್ತೀರಿ. ಸರಿ. ಅದನ್ನು ಕಣ್ಣಾರೆ ನೋಡಿದ್ದು ಯಾವಾಗ? ಈಗ ಸಭೆ ತಣ್ಣಗಾಯಿತು! ಕಳೆದ ಚುನಾವಣೆಯ ದಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ನೋಡಿದ್ದು, ಅಷ್ಟೇ. ಆ ದಿನ ಹೆಸರು ಇಲ್ಲವೆಂದು ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ. ಮತಗಟ್ಟೆ ಅಧಿಕಾರಿ ಕೈ ಚೆಲ್ಲುತ್ತಾನೆ. ನೀವು ಹುಟ್ಟಿದ ಊರಿನಲ್ಲೇ ನೀವು ಪರಕೀಯರು!

ಕನ್ನಡದ ಹೋರಾಟ ಅಂದರೆ ಬರೀ ನಾಮಫಲಕ, ಬರೀ ಸಿನಿಮಾ, ಬರೀ ನವೆಂಬರ್ ತಿಂಗಳ ಬಾವುಟ ಅಲ್ಲ. ಈ ನೆಲದ ಆಳ್ವಿಕೆಯಲ್ಲಿ ಕನ್ನಡಿಗನ ಹೆಸರು ಇರಬೇಕು, ಆ ಹೆಸರು ಸರಿಯಾಗಿ ಇರಬೇಕು, ಅದನ್ನು ಅವನು ತನ್ನ ಭಾಷೆಯಲ್ಲಿ ಓದುವಂತಿರಬೇಕು. ಇದೂ ಕನ್ನಡದ ಹೋರಾಟವೇ. ಇವತ್ತು ನನ್ನ ಮಾತು ಅಷ್ಟರ ಬಗ್ಗೆಯೇ.

ನಮ್ಮ ಪಂಚಾಯತಿಯಲ್ಲಿ ಎದ್ದ ಮಾತು

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಯಂತ್ರದ ಬದಲು ಮತಪತ್ರ ಬಳಸಬೇಕು, ಮತದಾರರ ಪಟ್ಟಿಯನ್ನೂ ರಾಜ್ಯ ಚುನಾವಣಾ ಆಯೋಗವೇ ಸಿದ್ಧಮಾಡಬೇಕು ಎಂದು ಶಿಫಾರಸು ಮಾಡುವುದಾಗಿ ಹೇಳಿತು. ಅಲ್ಲಿಯತನಕ ನಮ್ಮ ಪಂಚಾಯತಿ ಚುನಾವಣೆಗಳು ನಡೆದದ್ದು ವಿಧಾನಸಭೆಯ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಂಡು. ಆ ಪಟ್ಟಿ ಕೇಂದ್ರ ಚುನಾವಣಾ ಆಯೋಗದ್ದು.

ಸುದ್ದಿ ಪತ್ರಿಕೆಯಲ್ಲಿ ಬಂತು. ನಮ್ಮ ಪಂಚಾಯತಿ ಸಭೆಯಲ್ಲಿ, ಅಜೆಂಡಾದಲ್ಲಿ ಇಲ್ಲದಿದ್ದರೂ, ಚರ್ಚೆ ಎದ್ದಿತು. ಒಬ್ಬ ಸದಸ್ಯರು, “ನಮ್ಮ ಪಟ್ಟಿ ನಮ್ಮ ರಾಜ್ಯದಾವರ ಕೈಯಾಗ ಬಂದ್ರ ಚಲೋನ ಆತು” ಅಂದರು. ಇನ್ನೊಬ್ಬರು ಒಪ್ಪಲಿಲ್ಲ. “ಎರಡು ಪಟ್ಟಿ ಆದ್ರ ಎರಡು ಸಲ ಓಡಾಡಬೇಕು. ಒಂದರಾಗ ಹೆಸರು ಇರ್ತದ, ಇನ್ನೊಂದರಾಗ ಇರಂಗಿಲ್ಲ” ಅಂದರು. ಪಿಡಿಓ ಸಾಹೇಬರು, “ಇದು ನಮ್ಮ ಅಧಿಕಾರದ ವಿಷಯ ಅಲ್ಲ, ಬಿಡ್ರಿ” ಅಂದರು.

ಆಗ ನಮ್ಮ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತರು. ಓದು ಬರಹ ಕಲಿತವರಲ್ಲ, ಹೆಬ್ಬೆಟ್ಟು ಒತ್ತುವವರು. “ಪಟ್ಟಿ ದಿಲ್ಲಿಯಾವರರೇ ಬರೀಲಿ, ಬೆಂಗಳೂರಾವರರೇ ಬರೀಲಿ. ಅದರಾಗ ಏನ್ ಬರದಾರಂತ ನಮಗ ಓದಿ ಹೇಳಾವ್ರು ಯಾರ್ರೀ?” ಎಂದು ಕೇಳಿದರು.

ಯಾರಲ್ಲೂ ಉತ್ತರ ಇರಲಿಲ್ಲ. ಅರ್ಧ ಗಂಟೆ ವಾದ ಮಾಡಿದ ನಮಗೆಲ್ಲ ನಾಚಿಕೆಯಾಯಿತು. ಪಟ್ಟಿಯ ಒಡೆತನ ಯಾರದು ಎಂದು ಕಾದಾಡಿದೆವೇ ಹೊರತು, ಪಟ್ಟಿಯಲ್ಲಿ ಇರುವವರು ಅದನ್ನು ನೋಡುವುದು ಹೇಗೆ ಎಂದು ಒಬ್ಬರೂ ಕೇಳಿರಲಿಲ್ಲ. ಆ ತಾಯಿಯ ಮಾತಿನ ಮೇಲೆಯೇ ನಮ್ಮ ಪಂಚಾಯತಿಯ ಅಭಿಪ್ರಾಯ ನಿಂತಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬಾಳಪ್ಪ ಹೋಗಿ ಬಲಪ್ಪ ಆದ ಕಥೆ

ಮೊದಲು ಹೆಸರಿನ ಮಾತು. ಈಗ ಹೆಸರು ಸೇರಿಸಲು ಆನ್‌ಲೈನ್ ಅರ್ಜಿ ಇದೆ. ಇಂಗ್ಲಿಷಿನಲ್ಲಿ ಹೆಸರು ಹೊಡೆದರೆ ಯಂತ್ರವೇ ಅದನ್ನು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ತಪ್ಪಿದ್ದರೆ ತಿದ್ದಬಹುದು. ಆದರೆ ಕಂಪ್ಯೂಟರ್ ಅಂಗಡಿಯಲ್ಲಿ ನೂಕುನುಗ್ಗಲು ಇರುವಾಗ ತಿದ್ದುವವರು ಯಾರು?

ಇಂಗ್ಲಿಷಿಗೆ ನಮ್ಮ ‘ಳ’ ಗೊತ್ತಿಲ್ಲ. ಹ್ರಸ್ವ ದೀರ್ಘ ಗೊತ್ತಿಲ್ಲ. ‘ಬಾಳಪ್ಪ’ ಎಂಬ ಹೆಸರು ಇಂಗ್ಲಿಷಿಗೆ ಹೋಗಿ ವಾಪಸ್ಸು ಬರುವಾಗ ‘ಬಲಪ್ಪ’ ಆಗಬಹುದು, ‘ಬಾಲಪ್ಪ’ ಆಗಬಹುದು. ‘ತಾಯವ್ವ’ ಹೋಗಿ ‘ತಯವ್ವ’. ‘ಮಾಳವ್ವ’ ಹೋಗಿ ‘ಮಲವ್ವ’! ಅಪ್ಪ ಅಮ್ಮ ಇಟ್ಟ ಹೆಸರು ಇದೇನಾ? ನಗಬೇಡಿ. ರೇಷನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮೂರನೆಯದು. ನಾಳೆ ಯಾರೋ ಅಧಿಕಾರಿ ಮೂರನ್ನೂ ಮುಂದಿಟ್ಟುಕೊಂಡು ‘ಇವರು ಒಬ್ಬರೇ ಎಂದು ಸಾಬೀತು ಮಾಡಿ’ ಎಂದರೆ ಬಾಳಪ್ಪ ಏನು ಮಾಡಬೇಕು? ತಪ್ಪು ಮಾಡಿದ್ದು ಯಂತ್ರ. ದಂಡ ತೆರುವವನು ಬಾಳಪ್ಪ!

ಹೆಸರಿನ ತಪ್ಪು ಸಣ್ಣ ವಿಷಯ ಎನ್ನುವವರಿಗೆ ಒಂದು ಹಳೆಯ ಸಂಗತಿ ನೆನಪು ಮಾಡುತ್ತೇನೆ. 1951-52ರಲ್ಲಿ ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆ. ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರು. ಸುಮಾರು 17 ಕೋಟಿ ಜನರ ಪಟ್ಟಿ ಸಿದ್ಧವಾಯಿತು. ಆ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಕಾರಣವೇನು ಗೊತ್ತೇ? ಅವರು ತಮ್ಮ ಸ್ವಂತ ಹೆಸರು ಹೇಳಿರಲಿಲ್ಲ. ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದು ಬರೆಸಿದ್ದರು. ಹೆಚ್ಚಿನವರು ಉತ್ತರ ಭಾರತದ ರಾಜ್ಯಗಳವರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸಲು ಆಗುವುದಿಲ್ಲವೆಂದು ಆಯೋಗ ಕೈಬಿಟ್ಟಿತು. ಹೆಣ್ಣುಮಕ್ಕಳು ಸ್ವಂತ ಹೆಸರಿನಲ್ಲಿ ನಿಲ್ಲಬೇಕು ಎಂಬ ಆಯೋಗದ ನಿಲುವು ಸರಿಯೇ ಇತ್ತು. ಆದರೆ ಆ ಸಲದ ಮತ ಹೋದದ್ದು ಆ 28 ಲಕ್ಷ ತಾಯಂದಿರದು. ಹೆಸರು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಮತ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಪಟ್ಟಿ ಯಾವ ಭಾಷೆಯಲ್ಲಿ ಇರಬೇಕೆಂದು ನಿರ್ದೇಶಿಸುವ ಅಧಿಕಾರ ಚುನಾವಣಾ ಆಯೋಗಕ್ಕೆ ಇದೆ. 1960ರ ಮತದಾರರ ನೋಂದಣಿ ನಿಯಮಗಳ 4ನೇ ನಿಯಮದಲ್ಲೇ ಇದು ಇದೆ. ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಕರ್ನಾಟಕದಲ್ಲಿ ಹೆಸರು ಮೊದಲು ಕನ್ನಡದಲ್ಲಿ ಬರೆಯಲಿ, ಆಮೇಲೆ ಬೇಕಾದರೆ ಇಂಗ್ಲಿಷಿಗೆ ಹೋಗಲಿ. ಕನ್ನಡದ ಹೆಸರು ಇಂಗ್ಲಿಷಿನ ಅನುವಾದ ಆಗಬಾರದು!

ಕಳ್ಳ ಹೆಸರು, ಸತ್ತವರ ಹೆಸರು

ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ‘ಪಟ್ಟಿಯಲ್ಲಿ ಸತ್ತವರ ಹೆಸರಿದೆ, ಎರಡೆರಡು ಕಡೆ ಹೆಸರಿದೆ, ಅದನ್ನು ತೆಗೆಯುವುದು ಬೇಡವೇ’ ಎಂದು ಕೇಳುತ್ತೀರಿ. ಖಂಡಿತ ತೆಗೆಯಬೇಕು! 1950ರ ಜನಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಕಲಮುಗಳ ಪ್ರಕಾರ ಒಬ್ಬನ ಹೆಸರು ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆ ಇದೆ. ಕಾನೂನಿಗೆ ಹಲ್ಲು ಇದೆ. ನಾವು ಕೇಳುವುದು, ಆ ಹಲ್ಲು ಯಾರನ್ನು ಕಚ್ಚುತ್ತದೆ ಎಂದು.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಎಂದು ಆನ್‌ಲೈನ್ ಮೂಲಕ 6,018 ಅರ್ಜಿ ಬಂದವು. ನಮೂನೆ 7 ಅಂದರೆ ಅದೇ. ಸ್ಥಳ ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು ಬರೀ 24! ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಊರಿನಲ್ಲಿ ಇರುವವರನ್ನು ಊರಿನಲ್ಲಿ ಇಲ್ಲ ಎಂದು ಎಲ್ಲೋ ಕೂತು ಅರ್ಜಿ ಹಾಕುವುದು ಎಷ್ಟು ಸುಲಭ ನೋಡಿ! ಆ ಹೆಸರುಗಳನ್ನು ಉಳಿಸಿದ್ದು ಯಾವ ಯಂತ್ರವೂ ಅಲ್ಲ. ಮನೆ ಬಾಗಿಲಿಗೆ ಹೋಗಿ ‘ಇವರು ಇದ್ದಾರೆಯೇ’ ಎಂದು ಕೇಳಿದ ಸ್ಥಳ ಪರಿಶೀಲನೆ.

ಊರಿಗೆ ಗೊತ್ತಿರುವುದು ಊರಿಗೇ ಗೊತ್ತು. ಯಾರು ತೀರಿಹೋದರು, ಯಾರ ಮಗಳು ಮದುವೆಯಾಗಿ ಹೋದಳು, ಯಾರು ಬದುಕಿದ್ದಾರೆ ಎಂಬುದು ಕಟ್ಟೆಯ ಮೇಲೆ ಕೂತವರಿಗೆ ತಿಳಿದಷ್ಟು ತಾಲೂಕು ಕಚೇರಿಗೆ ತಿಳಿಯುವುದಿಲ್ಲ. ಪಟ್ಟಿಯನ್ನು ಊರ ಮುಂದೆ ಓದಿದರೆ ಸತ್ತವರ ಹೆಸರು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತದೆ. ಬದುಕಿದ್ದವರ ಹೆಸರು ಹೋಗಿದ್ದರೆ ಅದೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಗುಳೆ ಹೋದವರ ಗತಿ

ಈಗ ಗುಳೆಯ ಮಾತು. ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಕಡೆಯ ನಮ್ಮ ಜನ ಸುಗ್ಗಿ ಮುಗಿದ ಮೇಲೆ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ, ಗೋವಾಕ್ಕೆ, ಮುಂಬಯಿಗೆ ಹೋಗುತ್ತಾರೆ. ಮನೆಗೆ ಬೀಗ. ಮುದುಕರು, ಮಕ್ಕಳು ಮಾತ್ರ ಊರಲ್ಲಿ. ಆ ಹೊತ್ತಿಗೆ ಪರಿಶೀಲನೆಗೆ ಬಂದವರು ಬೀಗ ನೋಡಿ ‘ಸ್ಥಳಾಂತರ’ ಎಂದು ಬರೆದುಕೊಂಡು ಹೋದರೆ? ಬೆಂಗಳೂರಿನ ಶೆಡ್ಡಿಗೆ ಮನೆ ನಂಬರ್ ಇಲ್ಲ, ಅಲ್ಲಿ ಹೆಸರು ಸೇರುವುದಿಲ್ಲ. ಊರಿನ ಹೆಸರೂ ಹೋಯಿತು. ಎರಡು ಕಡೆ ಹೆಸರಿದ್ದರೆ ತಪ್ಪು, ಒಪ್ಪಿದೆ. ಒಂದು ಕಡೆಯೂ ಇಲ್ಲದಂತೆ ಮಾಡುವುದು ಯಾವ ನ್ಯಾಯ?

ಕಾನೂನು ನಮ್ಮ ಕಡೆ ಇದೆ. ಕಾಯ್ದೆಯ 20ನೇ ಕಲಮು ಎರಡು ಮಾತು ಹೇಳುತ್ತದೆ. ಒಂದು, ಬರೀ ಮನೆ ಇದ್ದ ಮಾತ್ರಕ್ಕೆ ಆ ಊರಿನ ವಾಸಿ ಆಗುವುದಿಲ್ಲ. ಎರಡು, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸಿ ಎಂಬ ಹಕ್ಕು ಹೋಗುವುದಿಲ್ಲ. ಇದೇ ಕಾನೂನು ಹೊರಗಿನಿಂದ ಬಂದು ಇಲ್ಲಿ ನೆಲೆ ನಿಂತವರಿಗೂ ಅನ್ವಯಿಸುತ್ತದೆ. ಅವರು ಇಲ್ಲಿ ನೆಲೆಸಿದ್ದರೆ ಅವರ ಮತ ಇಲ್ಲಿ. ಅಲ್ಲೂ ಇಟ್ಟುಕೊಂಡು ಇಲ್ಲೂ ಹಾಕುವುದನ್ನು ನಾವು ಒಪ್ಪುವುದಿಲ್ಲ. ಮುಂಬಯಿಯಲ್ಲಿರುವ ನಮ್ಮ ಕನ್ನಡಿಗನಿಗೆ ಯಾವ ನ್ಯಾಯ ಕೇಳುತ್ತೇವೋ ಅದೇ ನ್ಯಾಯದ ತಕ್ಕಡಿ ಇಲ್ಲಿಯೂ ಹಿಡಿಯಬೇಕು.

ಬಿಹಾರದ ಪಾಠ

2025ರ ಜೂನ್‌ನಲ್ಲಿ ಕೇಂದ್ರ ಚುನಾವಣಾ ಆಯೋಗ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಆರಂಭಿಸಿತು. ಎಸ್‌ಐಆರ್ ಎಂದು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಆಗಸ್ಟ್ 1ರಂದು ಬಂದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಅವರಲ್ಲಿ ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು ಎಂದು ಆಯೋಗ ಹೇಳಿತು. ಆದರೆ ಯಾವ ಹೆಸರು ಯಾವ ಕಾರಣಕ್ಕೆ ಹೋಯಿತು? ಅದನ್ನು ತಿಳಿಯಲು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಆಗಸ್ಟ್ 14ರಂದು ಕೋರ್ಟು, ಬಿಟ್ಟುಹೋದ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಿ, ಪಂಚಾಯತಿ ಕಚೇರಿಗಳಲ್ಲೂ ಅಂಟಿಸಿ ಎಂದು ಆದೇಶಿಸಿತು.

ಕೇಳಿದಿರಾ? ಪಂಚಾಯತಿ ಕಚೇರಿಯ ಗೋಡೆ! ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೂ ಕೊನೆಗೆ ನೆನಪಾದದ್ದು ಊರಿನ ಪಂಚಾಯತಿ ಗೋಡೆ. ನಮ್ಮ ಹೆಬ್ಬೆಟ್ಟಿನ ಸದಸ್ಯೆ ಕೇಳಿದ್ದೂ ಅದನ್ನೇ. ‘ಓದಿ ಹೇಳಾವ್ರು ಯಾರು?’

ಅದೇ ವರ್ಷ ಅಕ್ಟೋಬರ್ 27ರಂದು ಎರಡನೇ ಹಂತದಲ್ಲಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಈ ಪರಿಷ್ಕರಣೆ ಘೋಷಣೆಯಾಯಿತು. ಅದರಲ್ಲಿ ಕೇರಳವೂ ಇತ್ತು. ಕೇರಳ ಅಂದ ಕೂಡಲೇ ನಮಗೆ ನೆನಪಾಗುವುದು ಕಾಸರಗೋಡು. 1956ರ ನವೆಂಬರ್ 1ರಂದು ನಮ್ಮಿಂದ ಹೊರಗೆ ಉಳಿದ ಕನ್ನಡದ ನೆಲ. ಕೇರಳದಲ್ಲಿ ಸ್ಥಳೀಯ ಚುನಾವಣೆಗೆ ರಾಜ್ಯ ಚುನಾವಣಾ ಆಯೋಗದ ಪಟ್ಟಿಯೇ ಬೇರೆ. 2025ರ ನವೆಂಬರ್ ತಿಂಗಳಲ್ಲಿ ಕಾಸರಗೋಡಿನ ಕನ್ನಡಿಗನ ಮುಂದೆ ಎರಡು ಪಟ್ಟಿ ನಿಂತಿದ್ದವು. ಡಿಸೆಂಬರ್ 11ರ ಸ್ಥಳೀಯ ಮತದಾನಕ್ಕೆ ಒಂದು, ಕೇಂದ್ರ ಆಯೋಗದ ನಮೂನೆ ತುಂಬಿ ಉಳಿಸಿಕೊಳ್ಳಬೇಕಾದದ್ದು ಇನ್ನೊಂದು. ಒಂದರಲ್ಲಿ ಹೆಸರಿದೆ ಎಂದು ಇನ್ನೊಂದರಲ್ಲಿ ಇರುತ್ತದೆ ಎಂಬ ಭರವಸೆ ಇಲ್ಲ.

ಆದ್ದರಿಂದ ನಮ್ಮ ರಾಜ್ಯದಲ್ಲೂ ಬೇರೆ ಪಟ್ಟಿ ಮಾಡುತ್ತೇವೆ ಎನ್ನುವವರಿಗೆ ನಮ್ಮ ಪಂಚಾಯತಿಯ ಉತ್ತರ ನೇರವಾಗಿದೆ. ಸಂವಿಧಾನದ 243ಕೆ ಮತ್ತು 243ಜೆಡ್‌ಎ ವಿಧಿಗಳಲ್ಲಿ ಪಂಚಾಯತಿ, ನಗರಸಭೆಗಳ ಪಟ್ಟಿಯ ಉಸ್ತುವಾರಿ ರಾಜ್ಯ ಚುನಾವಣಾ ಆಯೋಗಕ್ಕೆ ಕೊಟ್ಟಿದ್ದಾರೆ. ಅಧಿಕಾರ ಇದೆ, ಮಾಡಲಿ. ಆದರೆ ಎರಡನೇ ಪಟ್ಟಿ ಎರಡನೇ ತಲೆನೋವು ಆಗಬಾರದು. ಒಂದರಲ್ಲಿ ಇದ್ದ ಹೆಸರು ಇನ್ನೊಂದರಲ್ಲಿ ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಆ ಮನೆಗೆ ತಿಳಿಸಲೇಬೇಕು.

ಇನ್ನೂ ಒಂದು ಮಾತು. ಪಟ್ಟಿ ಬದಲಾವಣೆಯ ನೆಪದಲ್ಲಿ ಚುನಾವಣೆಯನ್ನೇ ಮುಂದೂಡಬಾರದು! ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದು, ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಆಳ್ವಿಕೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದಾಗಲೂ ಹಾಗೆಯೇ ಆಯಿತು. ಚುನಾವಣೆಯೇ ಇಲ್ಲದಿದ್ದರೆ ಚೊಕ್ಕ ಪಟ್ಟಿ ಇಟ್ಟುಕೊಂಡು ಪೂಜೆ ಮಾಡುವುದೇ?

ನಮ್ಮ ಪಂಚಾಯತಿಯ ನಾಲ್ಕು ಮಾತು

ಕೊನೆಗೆ ನಮ್ಮ ಸಭೆಯ ನಡಾವಳಿಯಲ್ಲಿ ನಾಲ್ಕು ಅಂಶ ಬರೆಸಿದೆವು.

ಒಂದು: ಹೆಸರು ಮೂಲದಲ್ಲೇ ಕನ್ನಡದಲ್ಲಿ ಬರೆಯಬೇಕು. ಮನೆಯವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು.

ಎರಡು: ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ, ನಗರವಾದರೆ ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಪರಿಷ್ಕರಣೆ ಕಾಲದಲ್ಲಿ ಗ್ರಾಮಸಭೆಗಳಲ್ಲಿ ಪಟ್ಟಿ ಓದಬೇಕೆಂದು ಚುನಾವಣಾ ಆಯೋಗವೇ ಹಿಂದಿನಿಂದ ಸೂಚನೆ ಕೊಡುತ್ತ ಬಂದಿದೆ. ಅದು ಕಾಗದದಲ್ಲಿ ಮುಗಿಯಬಾರದು.

ಮೂರು: ಹೆಸರು ತೆಗೆಯುವ ಮುಂಚೆ ಆ ಮನೆಗೆ ಕನ್ನಡದಲ್ಲಿ ನೋಟೀಸು ಬರಬೇಕು, ಅಹವಾಲು ಕೇಳಬೇಕು. 22ನೇ ಕಲಮಿನಲ್ಲಿ ಅಹವಾಲಿಗೆ ಅವಕಾಶ ಇದೆ. ಒಮ್ಮೆ ಪಟ್ಟಿಯಲ್ಲಿದ್ದವರನ್ನು ನೋಟೀಸು ಕೊಡದೆ, ಕಾರಣ ತಿಳಿಸದೆ ಸುಮ್ಮನೆ ಅಳಿಸುವಂತಿಲ್ಲ ಎಂದು 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕು: ಗುಳೆ ಹೋದವರ ಮನೆಗೆ ಬೀಗ ಇದೆ ಎಂಬ ಒಂದೇ ಕಾರಣಕ್ಕೆ ಹೆಸರು ತೆಗೆಯಬಾರದು. ಅವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಇನ್ನೊಮ್ಮೆ ಪರಿಶೀಲಿಸಬೇಕು.

ಪಂಚಾಯತಿಯ ಈ ಅಭಿಪ್ರಾಯಕ್ಕೆ ಆಯೋಗ ಕಟ್ಟುಬೀಳಬೇಕೆಂದು ಕಾನೂನಿನಲ್ಲಿ ಇಲ್ಲ. ಆದರೆ ಪಟ್ಟಿ ಮಾಡಲು ಸಿಬ್ಬಂದಿ ಬೇಕಾದಾಗ ಸ್ಥಳೀಯ ಸಂಸ್ಥೆ ಕೊಡಲೇಬೇಕು ಎಂದು ಅದೇ ಕಾಯ್ದೆಯ 29ನೇ ಕಲಮು ಹೇಳುತ್ತದೆ. ದುಡಿಯಲು ನಮ್ಮವರು ಬೇಕು, ನಮ್ಮ ಮಾತು ಬೇಡವೇ? ಒಂದು ಪಂಚಾಯತಿ ಬರೆದರೆ ಕಸದ ಬುಟ್ಟಿಗೆ ಹೋಗಬಹುದು. ಸಾವಿರ ಪಂಚಾಯತಿ ಬರೆದರೆ ಯಾವ ಬುಟ್ಟಿಯಲ್ಲಿ ಹಿಡಿಸುತ್ತದೆ?

ನೀವು ಮಾಡಬೇಕಾದ್ದು

ಓದಿ, ಕೇಳಿ, ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಡಿ. ಈ ವಾರವೇ ನಿಮ್ಮ ಮತಗಟ್ಟೆಯ ಪಟ್ಟಿ ನೋಡಿ. ಹೆಸರಿಲ್ಲದಿದ್ದರೆ ನಮೂನೆ 6, ತಪ್ಪಿದ್ದರೆ ಅಥವಾ ಮನೆ ಬದಲಾಗಿದ್ದರೆ ನಮೂನೆ 8. ಮನೆಯಲ್ಲಿ 18 ತುಂಬಿದ ಮಕ್ಕಳಿದ್ದರೆ ವರ್ಷವಿಡೀ ಕಾಯಬೇಕಿಲ್ಲ. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ ಅರ್ಹತೆಯ ದಿನ. ಅರ್ಜಿ ತಿರಸ್ಕಾರವಾದರೆ 24ನೇ ಕಲಮಿನಡಿ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ‘ಇಂಗ್ಲಿಷಿನಲ್ಲಿ ಬರೆದುಕೊಂಡು ಬಾ’ ಎಂದು ಯಾರಾದರೂ ಹೇಳಿದರೆ ಸಂವಿಧಾನದ 350ನೇ ವಿಧಿ ತೋರಿಸಿ. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕಾಸರಗೋಡಿನ ಕನ್ನಡಿಗನಿಗೂ ಇದೆ, ನಮ್ಮ ಗಡಿಯೊಳಗಿನ ಬೇರೆ ಭಾಷೆಯವರಿಗೂ ಇದೆ. ಹಕ್ಕು ಅಂದ ಮೇಲೆ ಎಲ್ಲರಿಗೂ ಒಂದೇ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿ: “ಪಟ್ಟಿ ಓದಿ!” ಅಧ್ಯಕ್ಷರು ಗೊಣಗಬಹುದು, ಅಧಿಕಾರಿ ಗಡಿಯಾರ ನೋಡಬಹುದು. ಕೂರಬೇಡಿ. ನಿಮ್ಮ ಪಕ್ಕದ ಮನೆಯ ಬಾಳಪ್ಪ ಗುಳೆ ಹೋಗಿದ್ದಾನೆ. ಅವನ ಹೆಸರು ಬಂದಾಗ “ಇದ್ದಾನ್ರೀ, ಬರ್ತಾನ!” ಎಂದು ಕೂಗಲು ಅಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವಾಗಿ.

ಜೈ ಕರ್ನಾಟಕ!